ಹಳ್ಳಿ ಕಟ್ಟಿದ್ದೀರಿ, ಜೀವ ಬಂದಿಲ್ಲ: ಅನ್ಯಗ್ರಹದ ಸಮಾಜಕ್ಕೊಂದು ದೋಷ ನಿವಾರಣೆ ಕೈಪಿಡಿ

ಸೈನ್ಸ್ ಫ್ಯಾಂಟಸಿ, ಅಂದರೆ ವಿಜ್ಞಾನವೂ ಮಾಂತ್ರಿಕ ಶಕ್ತಿಯೂ ಬೆರೆತ ಕಥೆಯ ಕರಡು ಓದಿದವರು ಸಾಮಾನ್ಯವಾಗಿ ಒಂದೇ ಬಗೆಯ ದೂರು ಹೇಳುತ್ತಾರೆ. ಕಥೆ ಓಡುತ್ತದೆ, ನಾಯಕಿ ಚೆನ್ನಾಗಿದ್ದಾಳೆ, ಬಾಹ್ಯಾಕಾಶ ಹಡಗುಗಳ ಯುದ್ಧ ಜೋರಾಗಿದೆ. ನಡುವೆ ಬರುವ ಆ ಹಳ್ಳಿ ಮಾತ್ರ ನಾಟಕದ ಪರದೆಯ ಥರ ಇದೆ. ಮುಂದೆ ನಿಂತು ಮಾತಾಡಬಹುದು, ಹಿಂದೆ ಏನೂ ಇಲ್ಲ.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ಇನ್ನೂ ನಾಲ್ಕು ವಿವರ ಸೇರಿಸುವುದು. ಇನ್ನೊಂದು ಹಬ್ಬ, ಇನ್ನೊಬ್ಬ ದೇವರು, ನೀಲಿ ಹಾಲು ಕೊಡುವ ಪ್ರಾಣಿ. ಇದರಿಂದ ಕಾಯಿಲೆ ಜಾಸ್ತಿಯಾಗುತ್ತದೆ. ವಿವರ ಕಮ್ಮಿಯಾಗಿ ಸೊರಗಿದ ಹಳ್ಳಿಗಳು ಅಪರೂಪ. ಇರುವ ವಿವರಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದೆ ಸೊರಗಿದವೇ ಜಾಸ್ತಿ. ಹಾಗಾಗಿ ಏನನ್ನೂ ಸೇರಿಸುವ ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ.

ಮೊದಲ ಪರೀಕ್ಷೆ: ಕಿತ್ತು ನೋಡಿ

ಕರಡಿನಿಂದ ಒಂದು ಆಚಾರ ಆರಿಸಿಕೊಳ್ಳಿ. ನಿಮ್ಮ ಜನ ಊಟಕ್ಕೆ ಮೊದಲು ನೆಲ ಮುಟ್ಟುತ್ತಾರೆ ಅಂದುಕೊಳ್ಳೋಣ. ಅದನ್ನು ಪೂರ್ತಿ ತೆಗೆದುಬಿಡಿ. ಈಗ ಬೇರೆ ಏನು ಕೆಟ್ಟಿತು? ಯಾರ ಹೊಟ್ಟೆಗೆ ಕಮ್ಮಿ ಬಿತ್ತು? ಯಾವ ಜಗಳ ಶುರುವಾಯಿತು? ಯಾರ ಮರ್ಯಾದೆ ಹೋಯಿತು? ಏನೂ ಆಗಲಿಲ್ಲ ಅಂದರೆ ಆ ಆಚಾರ ಸುಮ್ನೆ ಅಂಟಿಸಿದ್ದು.

ಹೀಗೆ ನಾಲ್ಕೈದು ಆಚಾರಗಳನ್ನು ಕಿತ್ತು ನೋಡಿ. ಎಲ್ಲವೂ ಗಟ್ಟಿಯಾಗಿವೆ, ಕಿತ್ತರೆ ಊರೇ ಅಲುಗಾಡುತ್ತದೆ, ಆದರೂ ಓದುಗರಿಗೆ ಬೇಜಾರು ಅಂದರೆ ದೋಷ ಸಮಾಜದಲ್ಲಿಲ್ಲ. ನೀವು ಅದನ್ನು ಹೇಳುವ ರೀತಿಯಲ್ಲಿದೆ. ಆಗ ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಒಂದೂ ಗಟ್ಟಿಯಿಲ್ಲ ಅಂದರೆ ಮುಂದಕ್ಕೆ ಓದಿ.

ಲಕ್ಷಣ: ಮೂರು ಕಣ್ಣು ಬಿಟ್ಟರೆ ಮಿಕ್ಕಿದ್ದೆಲ್ಲ ಭೂಮಿಯದೇ

ಜನರ ಚರ್ಮ ಹಸಿರು, ಆಕಾಶದಲ್ಲಿ ಎರಡು ಸೂರ್ಯ. ಆದರೆ ಅವರು ಬೆಳಗ್ಗೆ ಏಳುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಸಂಜೆ ಕಟ್ಟೆಯ ಮೇಲೆ ಕೂತು ಹಳೆಯ ಕಥೆ ಹೇಳುತ್ತಾರೆ. ಎರಡು ಸೂರ್ಯ ಇದ್ದರೂ ಯಾರ ಬದುಕಿನಲ್ಲೂ ಏನೂ ಬದಲಾಗಿಲ್ಲ. ಆಕಾಶ ಮತ್ತು ಮೈ ಎರಡೂ ಆಚಾರದವರೆಗೆ ಇಳಿದು ಬಂದಿಲ್ಲ ಅನ್ನುವುದೇ ಇಲ್ಲಿನ ದೋಷ.

ನಿಜವಾದ ಆಕಾಶಗಳೇ ಎಷ್ಟು ವಿಚಿತ್ರ ಅಂತ ಒಮ್ಮೆ ನೋಡಿ. ಮಂಗಳನ ಚಂದ್ರ ಫೋಬೋಸ್ ಸುಮಾರು 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಮಂಗಳನ ದಿನಕ್ಕಿಂತ ಅದು ಎಷ್ಟೋ ಬೇಗ. ಹಾಗಾಗಿ ಅಲ್ಲಿ ನಿಂತು ನೋಡಿದರೆ ಫೋಬೋಸ್ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಯುರೇನಸ್ ಗ್ರಹದ ಅಕ್ಷ ಸುಮಾರು 98 ಡಿಗ್ರಿ ವಾಲಿದೆ, ಅದರ ವರ್ಷ ನಮ್ಮ 84 ವರ್ಷ. ಅದರ ಧ್ರುವದಲ್ಲಿ 42 ವರ್ಷ ಬೆಳಕು, 42 ವರ್ಷ ಕತ್ತಲು. ಅಲ್ಲಿ ನಿಲ್ಲಲು ಗಟ್ಟಿ ನೆಲವೇ ಇಲ್ಲ, ನಿಜ. ಆದರೆ ಅದೇ ವಾಲುವಿಕೆಯನ್ನು ನೆಲ ಇರುವ ಗ್ರಹಕ್ಕೆ ಕೊಟ್ಟು ನೋಡಿ. ಕತ್ತಲಲ್ಲಿ ಹುಟ್ಟಿ ಬೆಳೆದು ಮಕ್ಕಳನ್ನು ಹೆತ್ತ ಮೇಲೆ ಮೊದಲ ಸಲ ಸೂರ್ಯನನ್ನು ನೋಡುವ ತಲೆಮಾರು ಸಿಗುತ್ತದೆ. ಅವರ ಅಪ್ಪ ಅಮ್ಮ ಬೆಳಕಿನ ಕಾಲದವರು. ಹೊಲದ ಕೆಲಸ ಕಲಿಸುವವರಿಗೆ ವಯಸ್ಸಾಗಿದೆ, ಕಲಿಯಬೇಕಾದವರು ಹೊಲವನ್ನೇ ನೋಡಿಲ್ಲ. ಇಲ್ಲಿ ಮುದುಕರಿಗೆ ಸಿಗುವ ಗೌರವಕ್ಕೆ ಕಾರಣ ಹುಡುಕಿಕೊಂಡು ಅಲೆಯಬೇಕಿಲ್ಲ.

ರಿಪೇರಿ ಮಾಡುವಾಗ ಆಕಾಶದಿಂದ ಒಂದೇ ಒಂದು ಸಂಗತಿ ತೆಗೆದುಕೊಂಡು ಕೆಳಕ್ಕೆ ಇಳಿಸಿ. ಬೆಳಕು, ಬೆಳೆ, ಮನೆ, ಆಸ್ತಿ, ಜಗಳ, ಕೊನೆಗೆ ದೇವರು. ಈ ಕ್ರಮ ಮುಖ್ಯ. ದೇವರಿಂದ ಶುರು ಮಾಡಿದವರು ಹೊಲದ ತನಕ ಬರುವುದೇ ಇಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ಅದನ್ನೇ ಕೊನೆಯವರೆಗೂ ಬಳಸುತ್ತೇನೆ. 2016ರಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಸುತ್ತ ಒಂದು ಗ್ರಹ ಇದೆ ಎಂದು ಪ್ರಕಟವಾಯಿತು. ನಮ್ಮಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ. ಅದರ ವರ್ಷ ಬರೀ 11.2 ದಿನ. ಚಿಕ್ಕ ಕೆಂಪು ನಕ್ಷತ್ರಕ್ಕೆ ಇಷ್ಟು ಹತ್ತಿರ ಇರುವ ಗ್ರಹಗಳು ಒಂದೇ ಮುಖವನ್ನು ನಕ್ಷತ್ರದ ಕಡೆಗೆ ತೋರಿಸುತ್ತಾ ಸುತ್ತುವ ಸಾಧ್ಯತೆ ದೊಡ್ಡದು, ನಮ್ಮ ಚಂದ್ರ ಭೂಮಿಗೆ ಒಂದೇ ಮುಖ ತೋರಿಸುವ ಹಾಗೆ. ಅಂಥದೊಂದು ಕಲ್ಪಿತ ಗ್ರಹದಲ್ಲಿ ಹಗಲು ಮತ್ತು ಇರುಳಿನ ಗಡಿಯ ಪಟ್ಟಿಯಲ್ಲಿ ಒಂದು ಹಳ್ಳಿ ಇದೆ. ಜನರ ಹೆಸರು ಉಲ್ನೆ. ಅವರಿಗೆ ಸೂರ್ಯ ಯಾವಾಗಲೂ ದಿಗಂತದ ಹತ್ತಿರ, ಒಂದೇ ದಿಕ್ಕಿನಲ್ಲಿ. ಕಕ್ಷೆ ಪೂರ್ತಿ ದುಂಡಗಿಲ್ಲದ ಕಾರಣ 11 ದಿನಕ್ಕೊಮ್ಮೆ ಅವನು 5 ಡಿಗ್ರಿಯಿಂದ 10 ಡಿಗ್ರಿಗೆ ಏರಿ ಮತ್ತೆ ಇಳಿಯುತ್ತಾನೆ. ಮುಳುಗುವುದಂತೂ ಇಲ್ಲ.

ಈಗ ಒಂದು 3 ಮೀಟರ್ ಗೋಡೆ ಕಟ್ಟಿ. ಸೂರ್ಯ 5 ಡಿಗ್ರಿಯಲ್ಲಿದ್ದಾಗ ಸಮತಟ್ಟು ನೆಲದ ಮೇಲೆ ಅದರ ನೆರಳು ಸುಮಾರು 34 ಮೀಟರ್. 10 ಡಿಗ್ರಿಗೆ ಏರಿದಾಗ 17 ಮೀಟರ್. ಆ ನೆರಳು ಸಂಜೆಗೆ ಬೇರೆ ಕಡೆ ತಿರುಗುವುದಿಲ್ಲ, ಯಾಕೆಂದರೆ ಸಂಜೆಯೇ ಇಲ್ಲ. ಅದು ಬಿದ್ದ ನೆಲ ಶಾಶ್ವತವಾಗಿ ಸತ್ತಂತೆ. ಅಂದರೆ ಇಲ್ಲಿ ಮನೆ ಕಟ್ಟುವುದು ಪಕ್ಕದವನ ಹೊಲ ಕಿತ್ತುಕೊಂಡಂತೆ. ಊರಿನ ಇಡೀ ಕಾನೂನು ನೆರಳಿನ ಕಾನೂನು.

ಇನ್ನೂ ಇದೆ. ಇದೇ ಗೋಡೆಯನ್ನು ಸೂರ್ಯನ ಕಡೆ ಮುಖ ಮಾಡಿದ, 30 ಡಿಗ್ರಿ ಇಳಿಜಾರಿನ ಗುಡ್ಡದ ಮೇಲೆ ಕಟ್ಟಿದರೆ ನೆರಳು ಬರೀ ಐದು ಮೀಟರ್ ಆಸುಪಾಸು. ಹಾಗಾಗಿ ಗುಡ್ಡದ ಮುಖ ಬಂಗಾರ, ಬಯಲು ಬಡವರ ಪಾಲು. ಗುಡ್ಡದ ಹಿಂದೆ ಯಾವತ್ತೂ ಬಿಸಿಲಿಲ್ಲ, ಹಿಮದ ಗಾಳಿ. ಅಲ್ಲಿ ಧಾನ್ಯ ಮಾಂಸ ಎಲ್ಲ ಕೆಡದೆ ಉಳಿಯುತ್ತದೆ. ಉಗ್ರಾಣದ ಬೀಗ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ. ಬಯಲಿನಲ್ಲಿ ನೆರಳು ಏರಿ ಇಳಿಯುವ 17 ಮೀಟರ್ ಪಟ್ಟಿ ಇದೆಯಲ್ಲ, ಅರ್ಧ ಕಾಲ ಬೆಳಕು, ಅರ್ಧ ಕಾಲ ಕತ್ತಲು, ಅದು ಯಾರದು? ಉಲ್ನೆಗಳು ಅದನ್ನು ತೂಗುನೆಲ ಅನ್ನುತ್ತಾರೆ. ಗಂಡ ಸತ್ತವರಿಗೆ, ಊರಿಗೆ ಹೊಸದಾಗಿ ಬಂದವರಿಗೆ ಅದನ್ನು ಕೊಡುತ್ತಾರೆ. ಕೊಡುವಾಗ ಉಪಕಾರ ಮಾಡಿದ ಮುಖ ಮಾಡುತ್ತಾರೆ.

ಇಷ್ಟಕ್ಕೆ ಒಬ್ಬ ದೇವರೂ ಬೇಕಾಗಲಿಲ್ಲ, ಗಮನಿಸಿ. ಕಣ್ಣಿನ ಸಂಖ್ಯೆಯನ್ನೂ ಹೇಳಿಲ್ಲ.

ಲಕ್ಷಣ: ಮೇಲೆ ಹಡಗು, ಕೆಳಗೆ ನೇಗಿಲು, ಯಾಕೆ ಅಂತ ಯಾರೂ ಕೇಳುವುದಿಲ್ಲ

ಸೈನ್ಸ್ ಫ್ಯಾಂಟಸಿಗೆ ಅಂಟಿಕೊಂಡ ಕಾಯಿಲೆ ಇದು. ಬರೀ ವಿಜ್ಞಾನ ಕಥೆಯಲ್ಲಿ ಹಳ್ಳಿಗೆ ಕಾರಣ ಕೊಡಲೇಬೇಕಾಗುತ್ತದೆ. ಬರೀ ಮಾಂತ್ರಿಕ ಕಥೆಯಲ್ಲಿ ಊರಿಗೆ ಊರೇ ಹಾಗಿರುತ್ತದೆ, ಯಾರೂ ಕೇಳುವುದಿಲ್ಲ. ಇಲ್ಲಿ ಎರಡೂ ಒಂದೇ ಪುಟದಲ್ಲಿ ಇರುತ್ತವೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗು ತಿಂಗಳಿಗೊಮ್ಮೆ ಇಳಿಯುತ್ತದೆ. ಅದರ ಪಕ್ಕದಲ್ಲೇ ಹೆಂಗಸರು ಎರಡು ಮೈಲಿ ದೂರದಿಂದ ನೀರು ಹೊರುತ್ತಾರೆ. ಒಂದು ಪಂಪು ಯಾಕೆ ಬರಲಿಲ್ಲ?

ಬರಹಗಾರರು ಕೊಡುವ ಸಿದ್ಧ ಉತ್ತರ "ಅವರು ಸರಳ ಜನ, ಅವರಿಗೆ ಬೇಡ". ಇದನ್ನು ಒಪ್ಪಬೇಡಿ. ನೀರು ಹೊರುವವರಿಗೆ ಪಂಪು ಬೇಡವೆಂದು ಹೇಳುವವರು ಸಾಮಾನ್ಯವಾಗಿ ನೀರು ಹೊರದವರು. ಆ ಮಾತು ನಿಮ್ಮ ಕಥೆಯಲ್ಲಿ ಬಂದರೆ ಯಾರ ಬಾಯಿಂದ ಬಂತು ಅಂತ ನೋಡಿ. ಊರ ಯಜಮಾನನ ಬಾಯಿಂದ ಬಂದಿದ್ದರೆ ಅದು ದೋಷವಲ್ಲ, ಒಳ್ಳೆಯ ಪಾತ್ರ. ನಿರೂಪಕನ ಬಾಯಿಂದ ಬಂದಿದ್ದರೆ ದೋಷ.

ಪರೀಕ್ಷೆ ಹೀಗೆ ಮಾಡಿ. ನಿಮ್ಮ ಹಳ್ಳಿಗೆ ಒಂದು ಸೋಲಾರ್ ದೀಪ ಅಥವಾ ಅದಕ್ಕೆ ಸಮನಾದ ಹಡಗಿನ ವಸ್ತು ಒಂದನ್ನು ಇಳಿಸಿ. ಒಂದು ವರ್ಷ ಬಿಟ್ಟು ಮತ್ತೆ ಬನ್ನಿ. ದೀಪ ಎಲ್ಲಿದೆ? ಕೆಟ್ಟು ಮೂಲೆಯಲ್ಲಿದೆಯಾ? ಹಾಗಾದರೆ ಬಿಡಿಭಾಗ ಸಿಗದಿರುವುದೇ ಕಾರಣ. ಊರಿನ ಪ್ರತಿ ಮನೆಯಲ್ಲೂ ಹಳೆಯ ವಸ್ತು ಬಿಚ್ಚಿ ಬೇರೆ ಕೆಲಸಕ್ಕೆ ಬಳಸುವ ಕೈಚಳಕ ಕಾಣಬೇಕು. ಯಜಮಾನನ ಮನೆಯಲ್ಲಿದೆಯಾ? ಹಾಗಾದರೆ ಯಂತ್ರ ಬರುತ್ತದೆ, ಆದರೆ ಮೇಲಿನವರ ಹತ್ತಿರವೇ ನಿಲ್ಲುತ್ತದೆ. ವ್ಯಾಪಾರಿ ಅದನ್ನು ವಾಪಸು ಒಯ್ದನಾ? ಹಾಗಾದರೆ ಹಳ್ಳಿ ಹಿಂದುಳಿದಿರುವುದರಿಂದ ಯಾರಿಗೋ ಲಾಭ ಇದೆ, ಅಗ್ಗದ ಧಾನ್ಯವೋ ಅಗ್ಗದ ಕೂಲಿಯೋ. ಊರವರೇ ಒಡೆದು ಹಾಕಿದರಾ? ಹಾಗಾದರೆ ಹಿಂದೆ ಏನೋ ಆಗಿದೆ, ಮತ್ತು ಅದನ್ನು ಒಡೆಯಬೇಕೆಂದು ಎಲ್ಲರಿಗೂ ಅನ್ನಿಸಿರಲಿಕ್ಕಿಲ್ಲ.

ಈ ನಾಲ್ಕೂ ಉತ್ತರಗಳು ನಾಲ್ಕು ಬೇರೆ ಬೇರೆ ಸಂಸ್ಕೃತಿ ಕೊಡುತ್ತವೆ. ಒಂದನ್ನು ಆರಿಸಲೇಬೇಕು. ಆರಿಸದೆ ಬಿಟ್ಟದ್ದೇ ಕಾಯಿಲೆ.

ಉಲ್ನೆ ಹಳ್ಳಿಯನ್ನು ಈ ಪರೀಕ್ಷೆಗೆ ಒಡ್ಡೋಣ. ಹಡಗು ಇಳಿಯಲು ಸಮತಟ್ಟು ನೆಲ ಬೇಕು, ಅಂದರೆ ಬಡವರ ಬಯಲು. ಹಡಗಿನ ಎತ್ತರ 60 ಮೀಟರ್ ಅಂದುಕೊಳ್ಳಿ. ಸೂರ್ಯ 5 ಡಿಗ್ರಿಯಲ್ಲಿದ್ದಾಗ ಅದರ ನೆರಳು ಸುಮಾರು 690 ಮೀಟರ್ ಚಾಚುತ್ತದೆ. ಹಡಗು ಸರಕು ಇಳಿಸಿ, ಲೆಕ್ಕ ಮುಗಿಸಿ, ರಿಪೇರಿ ಮಾಡಿಕೊಂಡು ಹೊರಡುವಷ್ಟರಲ್ಲಿ ಒಂದು ಸಾಲು ಬಡವರ ಬೆಳೆ ಬಾಡಿರುತ್ತದೆ. ಹಡಗು ತಂದ ವಸ್ತುಗಳು ಗುಡ್ಡದ ಮೇಲೆ ಹೋಗುತ್ತವೆ. ಈಗ ಬಯಲಿನವರು ಹಡಗನ್ನು ದ್ವೇಷಿಸುವುದಕ್ಕೆ ಅಜ್ಞಾನ ಕಾರಣವಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ. ಗುಡ್ಡದವರು ಅದನ್ನು ಬಯಲಿನವರ ಮೂಢನಂಬಿಕೆ ಅನ್ನುತ್ತಾರೆ. ಹೊರಗಿನಿಂದ ಬಂದ ನಾಯಕಿ ಮೊದಲು ಗುಡ್ಡದವರ ಮನೆಯಲ್ಲಿ ಊಟ ಮಾಡುವುದರಿಂದ ಅವಳೂ ಅದನ್ನೇ ನಂಬುತ್ತಾಳೆ. ಕಥೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ?

ಮಾಂತ್ರಿಕ ಶಕ್ತಿಗೂ ಇದೇ ಪರೀಕ್ಷೆ. ಹೆಚ್ಚಿನ ಕರಡುಗಳಲ್ಲಿ ಮಾಂತ್ರಿಕರು ಬೆಟ್ಟ ಎತ್ತುತ್ತಾರೆ, ಆದರೆ ಊರಿನ ಕಾಲುವೆಯಲ್ಲಿ ಹೂಳು ಹಾಗೇ ಇರುತ್ತದೆ. ಬೆಟ್ಟ ಎತ್ತುವವನಿಗೆ ಹೂಳು ಎತ್ತಲು ಆಗದೇ ಇರುವುದಕ್ಕೆ ಒಂದು ಕಾರಣ ಇರಬೇಕು. ಶಕ್ತಿಗೆ ಬೆಲೆ ಇರಬೇಕು, ಆ ಬೆಲೆಯನ್ನು ಯಾರೋ ಒಬ್ಬರು ಕೊಡುತ್ತಿರಬೇಕು. ಉಲ್ನೆಗಳಲ್ಲಿ ಬೆಳಕು ಬಗ್ಗಿಸುವವರು ಇದ್ದಾರೆ ಅಂತ ಇಟ್ಟುಕೊಳ್ಳಿ. ನೆರಳಿನ ನೆಲಕ್ಕೆ ಬೆಳಕು ತರಬಲ್ಲರು. ಹಾಗಾದರೆ ಇಷ್ಟು ಹೊತ್ತು ಕಟ್ಟಿದ ನೆರಳಿನ ಕಾನೂನು ಕುಸಿದುಬೀಳುತ್ತದೆ, ಅಲ್ವಾ? ಬೀಳದಿರಲು ಒಂದು ದಾರಿ ಇದೆ. ಬಗ್ಗಿಸಿದ ಬೆಳಕು ಎಲ್ಲಿಂದಲೋ ಬರಬೇಕು. ಒಬ್ಬರ ಹೊಲಕ್ಕೆ ಬಂದದ್ದು ಇನ್ನೊಬ್ಬರ ಹೊಲದಿಂದ ಹೋದದ್ದು. ಈಗ ಮಾಂತ್ರಿಕಳು ವರವೂ ಹೌದು, ಕಳ್ಳಿಯೂ ಹೌದು. ಬಯಲಿನ ಹುಡುಗಿಯೊಬ್ಬಳಿಗೆ ಈ ಶಕ್ತಿ ಬಂದಿದೆ ಅಂತ ಗೊತ್ತಾದ ದಿನ ಅವಳ ಮನೆಗೆ ಗುಡ್ಡದಿಂದ ಮದುವೆ ಸಂಬಂಧ ಬರುತ್ತದೆ.

ಇನ್ನೊಂದು ಉಪದೋಷ. ಹೊರಗಿನ ತಂತ್ರ ಹಳ್ಳಿಗೆ ಬರುವುದನ್ನಷ್ಟೇ ಎಲ್ಲರೂ ಬರೆಯುತ್ತಾರೆ. ಹಳ್ಳಿಯ ತಂತ್ರ ಹೊರಗೆ ಹೋದಾಗ ಏನಾಗುತ್ತದೆ ಅನ್ನುವುದು ಅದಕ್ಕಿಂತ ಮಜವಾದ ವಿಷಯ. ಮೆಕ್ಕೆಜೋಳದ ಕಥೆ ನೋಡಿ. ಮಧ್ಯ ಅಮೆರಿಕದ ಮೂಲ ಜನ ಜೋಳವನ್ನು ಸುಣ್ಣ ಅಥವಾ ಬೂದಿ ಬೆರೆಸಿದ ನೀರಿನಲ್ಲಿ ಬೇಯಿಸಿ ನೆನೆಸಿ ಆಮೇಲೆ ಅರೆಯುತ್ತಿದ್ದರು. ಅದರಿಂದ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ. ಯುರೋಪಿಗೆ ಜೋಳ ಹೋಯಿತು, ಈ ಕ್ರಮ ಹೋಗಲಿಲ್ಲ. 18ನೇ ಶತಮಾನದಿಂದ ಮುಂದೆ ಜೋಳವನ್ನೇ ನಂಬಿಕೊಂಡ ಬಡವರಲ್ಲಿ ಪೆಲಾಗ್ರಾ ಎಂಬ ಕಾಯಿಲೆ ಹರಡಿತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿ ಕೆಡುವುದು, ಸಾವು. ನಿಮ್ಮ ಹಡಗಿನವರು ಹಳ್ಳಿಯ ಬೀಜ ಒಯ್ದು, ಅಜ್ಜಿ ಹೇಳಿದ "ಸುಮ್ನೆ ಶಾಸ್ತ್ರ" ಬಿಟ್ಟುಹೋದರೆ ಏನಾದೀತು? ಒಂದು ಇಡೀ ಕಾದಂಬರಿ ಆದೀತು.

ಲಕ್ಷಣ: ಲೆಕ್ಕ ತಾಳೆಯಾಗುವುದಿಲ್ಲ

ಇದು ಬೇಗ ಮುಗಿಯುವ ರಿಪೇರಿ. ಮುನ್ನೂರು ಜನರ ಹಳ್ಳಿಯಲ್ಲಿ ನಲವತ್ತು ಯೋಧರು, ಹತ್ತು ಪೂಜಾರಿಗಳು, ಒಬ್ಬ ಶಿಲ್ಪಿ, ಒಂದು ಹಾಡುಗಾರರ ಮೇಳ ಇದ್ದರೆ ಹೊಲದಲ್ಲಿ ಯಾರಿದ್ದಾರೆ ಅಂತ ಎಣಿಸಿ. ಯಂತ್ರಗಳಿಲ್ಲದ ಸಮಾಜಗಳಲ್ಲಿ ಹೆಚ್ಚಿನ ಜನ ಅನ್ನ ಬೆಳೆಯುವುದರಲ್ಲೇ ಇರುತ್ತಿದ್ದರು. ಮಧ್ಯಯುಗದ ಯುರೋಪಿನಲ್ಲಿ ಒಂದು ಪಾಲು ಗೋಧಿ ಬಿತ್ತಿದರೆ ನಾಲ್ಕು ಪಾಲು ಬಂದರೆ ಪರವಾಗಿಲ್ಲ ಅನ್ನುವ ಸ್ಥಿತಿ ಇತ್ತು. ಅದರಲ್ಲಿ ಒಂದು ಪಾಲು ಮುಂದಿನ ಬಿತ್ತನೆಗೆ ಎತ್ತಿಡಬೇಕು. ಬಟ್ಟೆಯನ್ನಂತೂ ಎಲ್ಲರೂ ಮರೆಯುತ್ತಾರೆ. ನೂಲುವ ಯಂತ್ರ ಬರುವ ಮೊದಲು ಒಬ್ಬ ನೇಕಾರನ ಮಗ್ಗಕ್ಕೆ ನೂಲು ಒದಗಿಸಲು ಹಲವು ಜನ ದಿನವಿಡೀ ನೂಲಬೇಕಿತ್ತು. ನಿಮ್ಮ ಯೋಧರ ಉದ್ದದ ನಿಲುವಂಗಿಗಳ ಹಿಂದೆ ಎಷ್ಟು ಬೆರಳುಗಳಿವೆ? ಆ ಬೆರಳುಗಳು ಕಥೆಯಲ್ಲಿ ಒಮ್ಮೆಯೂ ಕಾಣದಿದ್ದರೆ ಒಂದು ದೃಶ್ಯದಲ್ಲಿ ಮಾತಾಡುವವರ ಕೈಗೆ ಕದಿರು ಕೊಡಿ. ಕಬ್ಬಿಣಕ್ಕೂ ಅಷ್ಟೇ. ಒಂದು ಕಿಲೋ ಕಬ್ಬಿಣಕ್ಕೆ ಹಲವು ಕಿಲೋ ಇದ್ದಿಲು ಬೇಕು. ಎಲ್ಲರ ಸೊಂಟದಲ್ಲೂ ಕತ್ತಿ ಇದ್ದರೆ ಊರ ಸುತ್ತ ಕಾಡು ಉಳಿದಿರುವುದಿಲ್ಲ.

ಅನ್ಯಗ್ರಹ ಅಲ್ವಾ, ಅಲ್ಲಿ ಬೇರೆ ಲೆಕ್ಕ ಇರಬಹುದಲ್ವಾ ಅಂದರೆ ಇರಬಹುದು. ಜನ ಎಲೆಗಳ ಹಾಗೆ ಬಿಸಿಲು ತಿಂದು ಬದುಕಬಹುದು. ಆದರೆ ಆಗ ಆ ಬೇರೆ ಲೆಕ್ಕವನ್ನು ಪೂರ್ತಿ ಮಾಡಿ. ಹೊಟ್ಟೆಗೆ ದುಡಿಯಬೇಕಿಲ್ಲದ ಜನ ಹಳ್ಳಿಯಾಗಿ ಒಟ್ಟಿಗೆ ಯಾಕೆ ಇದ್ದಾರೆ ಅನ್ನುವ ಪ್ರಶ್ನೆ ತಕ್ಷಣ ಎದ್ದು ನಿಲ್ಲುತ್ತದೆ.

ಲಕ್ಷಣ: ಪೂಜೆ ಇದೆ, ಅದಕ್ಕೆ ಕೆಲಸ ಇಲ್ಲ

ಎರಡು ಪುಟದ ಹಬ್ಬದ ವರ್ಣನೆ. ದೀಪ, ಕುಣಿತ, ಮಂತ್ರ. ಕಿತ್ತು ನೋಡಿದರೆ ಕಥೆಗೂ ಊರಿಗೂ ಏನೂ ಆಗುವುದಿಲ್ಲ.

ಭೂಮಿಯ ಮೇಲೆ ಪೂಜೆ ಎಂಥ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಬಾಲಿ ದ್ವೀಪಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಿ ಗದ್ದೆಗಳಿಗೆ ನೀರು ಹಂಚುವ ರೈತರ ಸಂಘಗಳಿಗೆ ಸುಬಾಕ್ ಎಂದು ಹೆಸರು. ಈ ಸಂಘಗಳು ನೀರಿನ ದೇವಾಲಯಗಳಿಗೆ ಸೇರಿದ್ದು, ಯಾವ ಕಣಿವೆಯಲ್ಲಿ ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡುವುದು ಅನ್ನುವುದು ಪೂಜೆಯ ಕ್ರಮದ ಜೊತೆಯಲ್ಲೇ ತೀರ್ಮಾನ ಆಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಖಾಲಿ ಬಿದ್ದರೆ ಕೀಟ ಮತ್ತು ಇಲಿಗಳಿಗೆ ತಿನ್ನಲು ಏನೂ ಇರುವುದಿಲ್ಲ. ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲುವುದಿಲ್ಲ. ಈ ಎರಡರ ನಡುವಿನ ಹದ ಹಿಡಿಯುವುದು ದೇವಾಲಯದ ಕೆಲಸ. 1970ರ ದಶಕದಲ್ಲಿ ಹೊಸ ತಳಿಯ ಭತ್ತವನ್ನು ಬಿಡುವಿಲ್ಲದೆ ಬೆಳೆಯಿರಿ ಎಂದು ಸರ್ಕಾರ ಒತ್ತಾಯಿಸಿತು. ಹಳೆಯ ಕ್ರಮ ತಪ್ಪಿತು. ಕೀಟಗಳ ಹಾವಳಿ ಮಿತಿಮೀರಿತು, ನೀರಿನ ತಾಪತ್ರಯ ಬಂತು. ಸುಬಾಕ್ ವ್ಯವಸ್ಥೆಯ ಗದ್ದೆ ಮತ್ತು ದೇವಾಲಯಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಇದರಲ್ಲಿ ಬರಹಗಾರರಿಗೆ ಬೇಕಾದದ್ದು ಒಂದು ಸೂಕ್ಷ್ಮ. ಮೇಲಿನ ಗದ್ದೆಯವನಿಗೆ ನೀರು ಮೊದಲು ಸಿಗುತ್ತದೆ. ಅವನು ಕೆಳಗಿನವನಿಗೆ ಯಾಕೆ ಬಿಡಬೇಕು? ಕೆಳಗಿನವನು ತನಗೆ ಬೇಕಾದಾಗ ನಾಟಿ ಮಾಡಿದರೆ ಅವನ ಗದ್ದೆಯ ಕೀಟ ಮೇಲಿನವನ ಗದ್ದೆಗೆ ಬರುತ್ತದೆ. ಅಂದರೆ ಇಬ್ಬರ ಕೈಯಲ್ಲೂ ಒಂದೊಂದು ಹಿಡಿತ ಇದೆ. ಪೂಜೆ ಆ ಎರಡು ಹಿಡಿತಗಳನ್ನು ಕಟ್ಟಿಹಾಕಿದ ಗಂಟು. ನಿಮ್ಮ ಹಬ್ಬದಲ್ಲೂ ಇಂಥ ಇಬ್ಬರನ್ನು ಹುಡುಕಿ. ಉಲ್ನೆಗಳಲ್ಲಿ 11 ದಿನಕ್ಕೊಮ್ಮೆ, ನೆರಳು ಅತಿ ಉದ್ದವಾದ ಹೊತ್ತಿಗೆ, ಊರವರೆಲ್ಲ ನೆರಳಿನ ಅಂಚಿನ ಮೇಲೆ ಸಾಲಾಗಿ ನಡೆಯುತ್ತಾರೆ. ಹಾಡು ಇದೆ, ಬಾವುಟ ಇದೆ. ಆದರೆ ಅದು ಸರ್ವೆ. ಕಳೆದ ಸಲದ ಹೆಜ್ಜೆ ಗುರುತಿಗಿಂತ ನೆರಳು ಒಂದು ಗೇಣು ಮುಂದೆ ಬಂದಿದ್ದರೆ ಯಾರೋ ಗೋಡೆ ಏರಿಸಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಹಾಡು ನಿಲ್ಲುತ್ತದೆ.

ಲಕ್ಷಣ: ಊರಿಗೆಲ್ಲ ಒಂದೇ ಬಾಯಿ

"ಉಲ್ನೆಗಳು ನಂಬುತ್ತಾರೆ", "ಉಲ್ನೆಗಳು ಎಂದೂ ಸುಳ್ಳು ಹೇಳುವುದಿಲ್ಲ". ಕರಡಿನಲ್ಲಿ ಇಂಥ ವಾಕ್ಯಗಳನ್ನು ಹುಡುಕಿ ಗುರುತು ಹಾಕಿ. ಇಡೀ ಜನಕ್ಕೆ ಒಂದೇ ಅಭಿಪ್ರಾಯ ಕೊಟ್ಟ ಪ್ರತಿ ವಾಕ್ಯವೂ ಅನುಮಾನದ್ದು. ಮುನ್ನೂರು ಜನ ಒಂದು ವಿಷಯ ಒಪ್ಪಿದ ಊರು ಯಾರಾದರೂ ನೋಡಿದ್ದೀರಾ?

ನಿಯಮ ಇದೆ ಅಂದರೆ ಅದನ್ನು ಮುರಿದವರು ಇದ್ದರು ಅಂತ ಅರ್ಥ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯಲ್ಲಿ 1517ರ ಒಂದು ಕಟ್ಟಳೆ ಇದೆ: ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬಹುದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಮ್, ಊರಿನ ಸಾಮಾನ್ಯ ಆಸ್ತಿಯನ್ನು ಜನ ತಾವೇ ಕಾಪಾಡಿಕೊಳ್ಳಬಲ್ಲರು ಅನ್ನುವುದಕ್ಕೆ ಈ ಹಳ್ಳಿಯನ್ನೂ ಉದಾಹರಣೆಯಾಗಿ ತೋರಿಸಿದರು. ಒಂದೇ ಸಾಲಿನ ಈ ಕಟ್ಟಳೆಯಲ್ಲಿ ಎಷ್ಟು ಪಾತ್ರಗಳಿವೆ ನೋಡಿ. ಬೇಸಿಗೆಗೆಂದು ಹೊರಗಿನ ಹಸು ತಂದು ಬಿಟ್ಟ ಜಾಣ. ತಲೆ ಎಣಿಸುವವನು. ಎಣಿಸುವವನ ಭಾವಮೈದುನ. ಚಳಿಗಾಲದಲ್ಲಿ ಹಸು ಸತ್ತು ಪಾಲು ಕಳೆದುಕೊಂಡವಳು.

ನಿಮ್ಮ ಸಮಾಜಕ್ಕೂ ಇಂಥ ಒಂದು ಕಟ್ಟಳೆ ಬರೆಯಿರಿ, ಒಂದೇ ಸಾಲು. ಆಮೇಲೆ ಅದರಿಂದ ನಷ್ಟ ಆದ ಒಬ್ಬರ ಹೆಸರು ಬರೆಯಿರಿ. ಆ ಹೆಸರು ಹೊಳೆಯದಿದ್ದರೆ ಕಟ್ಟಳೆ ಇನ್ನೂ ಸರಿಯಾಗಿಲ್ಲ. ಉಲ್ನೆಗಳ ಕಟ್ಟಳೆ: ನಿನ್ನ ನೆರಳು ಬಿದ್ದ ನೆಲದ ಬೆಳೆ ನೀನೇ ತುಂಬಿಕೊಡಬೇಕು. ಕೇಳಲು ನ್ಯಾಯವಾಗಿದೆ. ಆದರೆ ಗುಡ್ಡದವರ ನೆರಳು ಐದು ಮೀಟರ್, ಬಯಲಿನವರದು ಮೂವತ್ತನಾಲ್ಕು. ಮಗ ಮದುವೆಯಾದ, ಇನ್ನೊಂದು ಕೋಣೆ ಬೇಕು. ಗುಡ್ಡದವನು ಕಟ್ಟುತ್ತಾನೆ. ಬಯಲಿನವನು ಸಾಲ ಮಾಡುತ್ತಾನೆ, ಅಥವಾ ನೆಲ ಅಗೆದು ಕೆಳಗೆ ಕೋಣೆ ಮಾಡುತ್ತಾನೆ. ಎರಡು ತಲೆಮಾರಿನಲ್ಲಿ ಬಯಲಿನವರಿಗೆ ನೆಲದೊಳಗಿನ ಜನ ಅನ್ನುವ ಬೈಗುಳ ಅಂಟಿರುತ್ತದೆ. ಕೇಳಿದರೆ ಅದು ಅವರ ಸಂಪ್ರದಾಯ ಅನ್ನುತ್ತಾರೆ.

ಸಾಲ ಅಂದಾಗ ನೆನಪಾಯಿತು. ಬರವಣಿಗೆ ಇಲ್ಲದ ಊರಿನಲ್ಲಿ ಲೆಕ್ಕ ಹೇಗೆ ಇಡುತ್ತಾರೆ ಅಂತ ಯೋಚಿಸದೆ ಎಲ್ಲರ ಕೈಗೂ ನಾಣ್ಯ ಕೊಡಬೇಡಿ. ಇಂಗ್ಲೆಂಡಿನ ಖಜಾನೆಯಲ್ಲಿ 1826ರವರೆಗೂ ಕೋಲಿನ ಮೇಲೆ ಗೀರು ಹಾಕಿ, ಸೀಳಿ, ಆಚೆಗೊಂದು ಈಚೆಗೊಂದು ತುಂಡು ಇಟ್ಟುಕೊಳ್ಳುವ ಪದ್ಧತಿ ಇತ್ತು. ಎರಡು ತುಂಡು ಕೂಡಿದರೆ ಗೀರು ಹೊಂದಬೇಕು, ಮೋಸಕ್ಕೆ ಜಾಗವಿಲ್ಲ. 1834ರಲ್ಲಿ ಆ ಹಳೆಯ ಕೋಲುಗಳನ್ನು ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವೇ ಸುಟ್ಟುಹೋಯಿತು. ಇದನ್ನು ಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಅಂತ ಸಂಪಾದಕರು ಹೊಡೆದು ಹಾಕುತ್ತಿದ್ದರು.

ಲಕ್ಷಣ: ಹಳ್ಳಿಗರು ಒಂದೋ ದಡ್ಡರು, ಇಲ್ಲವೇ ಋಷಿಗಳು

ಎರಡೂ ಒಂದೇ ದೋಷ. ಎರಡರಲ್ಲೂ ಹಳ್ಳಿಗರಿಗೆ ಸ್ವಂತ ಕೆಲಸ ಇಲ್ಲ. ನಾಯಕಿ ಬರುವವರೆಗೆ ಕಾದು, ಅವಳನ್ನು ನಗಿಸಿ ಅಥವಾ ಅವಳಿಗೆ ಉಪದೇಶ ಕೊಟ್ಟು ಮರೆಯಾಗುತ್ತಾರೆ. ಪರೀಕ್ಷೆ ಸುಲಭ: ನಾಯಕಿ ಹಳ್ಳಿಗೆ ಬರಲೇ ಇಲ್ಲ ಅಂದುಕೊಳ್ಳಿ. ಆ ವಾರ ಅಲ್ಲಿ ಏನು ನಡೆಯುತ್ತಿತ್ತು? ಏನಾದರೂ ನಡೆಯುತ್ತಿದ್ದರೆ, ಅವಳು ಬಂದದ್ದರಿಂದ ಅದಕ್ಕೆ ತೊಂದರೆಯಾಗಬೇಕು. ಕೊಯ್ಲಿನ ಹೊತ್ತಿನಲ್ಲಿ ನೆಂಟರು ಬಂದರೆ ಯಾರಿಗೆ ಖುಷಿ?

ಮಾತಿನ ವಿಷಯ. ಹಳ್ಳಿಗರ ಬಾಯಿಗೆ ಒಂದು ನಿಜವಾದ ಸೀಮೆಯ ಆಡುಮಾತನ್ನು ಹಾಗೇ ತುಂಬಿದರೆ ಓದುಗರಿಗೆ ಆ ಸೀಮೆಯ ಜನ ಕಾಣುತ್ತಾರೆ, ಅನ್ಯಗ್ರಹ ಮಾಯವಾಗುತ್ತದೆ. ಆ ಸೀಮೆಯವರಿಗೆ ಅವಮಾನವೂ ಹೌದು. ಪ್ರತಿ ವಾಕ್ಯಕ್ಕೊಂದು ಗಾದೆ ಹೇಳಿಸುವುದೂ ಬೇಡ. ಸರಳ ಭಾಷೆಯಲ್ಲೇ ಬರೆದು, ಅವರು ಯಾವುದನ್ನು ಎಣಿಸುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಅನ್ನುವುದನ್ನು ಬದಲಿಸಿ. ಉಲ್ನೆ ತಾಯಿ ಮಗುವಿಗೆ "ಕತ್ತಲಾಗುವ ಮುಂಚೆ ಬಾ" ಅನ್ನುವುದಿಲ್ಲ. "ಗುಡ್ಡ ದಾಟಬೇಡ" ಅನ್ನುತ್ತಾಳೆ. ಅವಳಿಗೆ ಕತ್ತಲು ಒಂದು ಜಾಗ.

ರಿಪೇರಿಯಿಂದಲೇ ಬರುವ ಹೊಸ ದೋಷ

ಇಷ್ಟೆಲ್ಲ ಮಾಡಿದ ಮೇಲೆ ಒಂದು ಅಪಾಯ ಇದೆ. ಪ್ರತಿ ಆಚಾರಕ್ಕೂ ಕಾರಣ ಸಿಕ್ಕಿರುತ್ತದೆ, ನಿಮಗೆ ಅದನ್ನು ಹೇಳದೆ ಇರಲು ಆಗುವುದಿಲ್ಲ. ಮೊದಲ ಅಧ್ಯಾಯದಲ್ಲೇ ಮುದುಕನೊಬ್ಬ ನಿಂತು ನೆರಳಿನ ಕೋನವನ್ನು ಡಿಗ್ರಿ ಸಮೇತ ವಿವರಿಸಲು ಶುರು ಮಾಡುತ್ತಾನೆ. ಅವನನ್ನು ಕೂರಿಸಿ. ಊರಿನವರು ಊರಿನವರಿಗೆ ಗೊತ್ತಿರುವುದನ್ನು ಹೇಳಿಕೊಳ್ಳುವುದಿಲ್ಲ. ಕಾರಣ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ, ಪುಟದ ಮೇಲೆ ಅದರಿಂದ ಆದ ಜಗಳ ಮಾತ್ರ ಇರಲಿ.

ಎಲ್ಲಕ್ಕೂ ಸರಿಯಾದ ಕಾರಣ ಇರುವ ಸಮಾಜವೂ ನಕಲಿಯಾಗಿ ಕಾಣುತ್ತದೆ. ಒಂದೆರಡು ಆಚಾರಗಳ ಕಾರಣ ಎಂದೋ ಹೋಗಿರಲಿ, ಆಚಾರ ಮಾತ್ರ ಉಳಿದಿರಲಿ. ಇನ್ನೊಂದೆರಡಕ್ಕೆ ಜನ ತಪ್ಪು ಕಾರಣ ಹೇಳಲಿ. ಉಲ್ನೆಗಳು ಸತ್ತವರನ್ನು ಗುಡ್ಡದ ಹಿಂದೆ ಇಡುತ್ತಾರೆ. ಕೇಳಿದರೆ ಒಬ್ಬರು ಸತ್ತವರಿಗೆ ಬೆಳಕು ಬೇಡ ಅನ್ನುತ್ತಾರೆ, ಇನ್ನೊಬ್ಬರು ಉಗ್ರಾಣ ಕಾಯಲು ಅನ್ನುತ್ತಾರೆ. ನಿಮಗೂ ಯಾವುದು ನಿಜ ಅಂತ ಗೊತ್ತಿರಬೇಕಿಲ್ಲ. ಆದರೆ ಇಂಥವು ಕಮ್ಮಿ ಇರಲಿ. ಕಾರಣ ತೋಚದ ಎಲ್ಲವನ್ನೂ ನಿಗೂಢ ಅಂತ ಕರೆದು ತಪ್ಪಿಸಿಕೊಳ್ಳುವ ಬರಹಗಾರರು ಬೇಕಾದಷ್ಟಿದ್ದಾರೆ.

ಸರಿಪಡಿಸಿದ ಕರಡನ್ನು ಓದಲು ಕೊಟ್ಟಾಗ ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ನೀವು ಈ ಊರಿಗೆ ಹೋದರೆ ಮೊದಲು ಯಾವ ವಿಷಯಕ್ಕೆ ಬೈಸಿಕೊಳ್ಳುತ್ತೀರಿ?" ಅಂತ ಕೇಳಿ. "ಬಯಲಿನಲ್ಲಿ ಡೇರೆ ಹಾಕಿದ್ದಕ್ಕೆ" ಅಂತ ತಟ್ಟನೆ ಉತ್ತರ ಬಂದರೆ ಹಳ್ಳಿ ನಿಂತಿದೆ, ಇನ್ನು ಕೈ ಹಾಕಬೇಡಿ. "ಹಬ್ಬ ತುಂಬಾ ಚೆನ್ನಾಗಿತ್ತು" ಅಂದರೆ ಹಬ್ಬವನ್ನು ಕರಡಿನಿಂದ ತೆಗೆದಿಟ್ಟು ಆಸ್ತಿಯ ಪ್ರಶ್ನೆಯಿಂದ ಮತ್ತೆ ಶುರು ಮಾಡಿ.